ಏನ್ ಚಿತ್ರ ತಗೀಲಿ ಅಂತ ಕೇಳೋರಿಗೆ: ಕಲಬುರಗಿ, ಬೀದರ, ಯಾದಗಿರಿ ತಿರುಗಾಡಿಕೋತ ಪೇಂಟಿಂಗಿಗೆ ವಿಷಯ ಹುಡುಕೋ ಕ್ರಮ

ಒಂದೇ ಪ್ರಶ್ನೆ ಮತ್ತ ಮತ್ತ ಬರ್ಲಿಕತ್ತದ. "ಬಣ್ಣ ಅದಾವ, ಬ್ರಶ್ ಅದಾವ, ರವಿವಾರ ಟೈಮೂ ಸಿಗ್ತದ, ಆದ್ರ ಖಾಲಿ ಹಾಳಿ ಮುಂದ ಕುಂತ್ರ ಏನ್ ತಗೀಬೇಕು ಅಂತ ತಿಳಿವಲ್ದು." ಅದರ ಬೆನ್ನಿಗೇ ಇನ್ನೊಂದು ಮಾತು. "ನಮ್ ಕಡಿ ಏನದರಿ ತಗಿಯೋಕ, ಬರೇ ಬಿಸಲು, ಕಲ್ಲು, ಧೂಳು, ಹಂಪಿಗರೆ ಹೋಗ್ಬೇಕು ಇಲ್ಲಾ ಕೊಡಗಿಗರೆ ಹೋಗ್ಬೇಕು." ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಉತ್ತರ ಬರಿಯೋದಕ್ಕಿಂತ ಒಮ್ಮೆ ಪೂರ್ತಿ ಬರದು ಇಟ್ರ ಛಲೋ ಅನಿಸ್ತು, ಅದಕ್ಕ ಇದು.

ನನ್ನ ಅನುಭವಕ್ಕ ಬಂದದ್ದು ಇಷ್ಟ ನೋಡ್ರಿ. ವಿಷಯ ಅನ್ನೋದು ಒಂದೇ ಜಾಗದಾಗ 20 ನಿಮಿಷ ನಿಂತವರಿಗಿ ಸಿಗ್ತದ, ದಿನಕ್ಕ 10 ಜಾಗ ನೋಡಿ ಬಂದವರಿಗಿ ಸಿಗಂಗಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನೋ ಪ್ಯಾಟಿ ಮೂಲಿಯಾಗ ನಿಂತ್ರೂ ಆಯ್ತು, ಬೀದರ ಕೋಟಿ ಒಳಗ ನಿಂತ್ರೂ ಆಯ್ತು. ಆದ್ರ ನಿಂತಾಗ ಏನ್ ಮಾಡ್ಬೇಕು, ಮನಿಗಿ ಬಂದ್ ಮ್ಯಾಲ ಏನ್ ಮಾಡ್ಬೇಕು ಅನ್ನೋದಕ್ಕ ಒಂದು ಕ್ರಮ ಅದ, ಅದನ್ನ ಕೆಳಗ ಹಂತ ಹಂತವಾಗಿ ಬರದೀನಿ. ಇದು ವಾಟರ್ ಕಲರ್ ಮಾಡೋರ ಲೆಕ್ಕದಾಗ ಬರದದ್ದು, ಆಯಿಲ್ ಅಥವಾ ಅಕ್ರಿಲಿಕ್ ಮಾಡೋರು ನೋಟ್ಸಿಗೆ ಇದನ್ನೇ ಬಳಸಿ ದೊಡ್ಡ ಚಿತ್ರ ಮನಿಯಾಗ ಮಾಡ್ಕೋಬಹುದು.

ಮೊದಲು ಬೇಕಾಗೋ ಸಾಮಾನು

ಅಂಗೈಗಿಂತ ಜರಾ ದೊಡ್ಡದು, ಎ5 ಸೈಜಿನ ಒಂದು ಸ್ಕೆಚ್ ಬುಕ್. ಹಾಳಿ ಕಮ್ಮೀತ್ ಕಮ್ಮಿ 200 ಜಿಎಸ್‌ಎಂ ಇರ್ಲಿ. ಜಿಎಸ್‌ಎಂ ಅಂದ್ರ ಆ ಹಾಳಿ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಗ್ತದ ಅನ್ನೋ ಲೆಕ್ಕ, ಝೆರಾಕ್ಸ್ ಹಾಳಿ 70-80 ಇರ್ತದ, ಅದರ ಮ್ಯಾಲ ನೀರು ಹಚ್ಚಿದ್ರ ಹಪ್ಪಳದಂಗ ಸುಕ್ಕಾಗ್ತದ. 300 ಸಿಕ್ರ ಇನ್ನೂ ಛಲೋ. 4ಬಿ ಪೆನ್ಸಿಲ್, ಅಂದ್ರ ಮೆತ್ತಗ ಗಾಢ ಬರಿಯೋದು, ಒಂದು, ನೀರಿಗೆ ಹರಡದ ಕರಿ ಪೆನ್ ಒಂದು, 12 ಬಣ್ಣದ ಸಣ್ಣ ಕೇಕ್ ಡಬ್ಬಿ (ಒಣ ಬಿಲ್ಲಿಯಂಥ ವಾಟರ್ ಕಲರ್), ಹಿಡಿಕಿಯೊಳಗ ನೀರು ತುಂಬೋ ವಾಟರ್ ಬ್ರಶ್, ಗಾಳಿಗೆ ಹಾಳಿ ಹಾರದಂಗ 2 ಕ್ಲಿಪ್, ಒಂದು ಹಳೆ ಅರಬಿ ತುಂಡು.

ಇನ್ನೊಂದು, ಇದಕ್ಕ ರೊಕ್ಕ ಬ್ಯಾಡ. ಮನಿಯಾಗ ಬಿದ್ದಿರೋ ಹಳೆ ಲಗ್ನಪತ್ರಿಕಿ ತಗೊಂಡು ನಡುವ 4 ಸೆಂ.ಮೀ. × 6 ಸೆಂ.ಮೀ. ಕಿಂಡಿ ಕತ್ತರಿಸ್ರಿ. ಇದಕ್ಕ ವ್ಯೂಫೈಂಡರ್ ಅಂತಾರ, ಅಂದ್ರ ಕಣ್ಣಿನ ಮುಂದ ಹಿಡಿದು ಎಷ್ಟು ಬೇಕೋ ಅಷ್ಟ ಕಾಣೋಹಂಗ ಮಾಡೋ ಚೌಕಟ್ಟು. ನನ್ನ ಚೀಲದಾಗ ಅತೀ ಹೆಚ್ಚು ಕೆಲಸಕ್ಕ ಬರೋ ಸಾಮಾನು ಇದೇ.

ಎಚ್ಚರ: ಮೊದಲನೇ ಸಲಕ್ಕ ಭಾಳ ತುಟ್ಟಿ ಬುಕ್ಕು ತಗೋಬ್ಯಾಡ್ರಿ. ತುಟ್ಟಿ ಹಾಳಿ ಕೆಡಿಸಬಾರ್ದು ಅಂತ ಕೈ ಹಿಂದ ಸರೀತದ, ಬುಕ್ಕು ಕಪಾಟಿನ್ಯಾಗ ಹಂಗ ಉಳೀತದ.

ಹಂತ 1: ಹೊರಡೋ ಮುಂಚೆ ಒಂದು ಪ್ರಶ್ನೆ ಇಟ್ಕೋರಿ

"ಛಂದ ಇದ್ದದ್ದು ಏನರೆ ಸಿಗ್ತದೇನು ನೋಡೋಣ" ಅಂತ ಹೋದ್ರ ಏನೂ ಸಿಗಂಗಿಲ್ಲ, ಯಾಕಂದ್ರ ಎಲ್ಲಾ ಒಮ್ಮೆಲೆ ಕಣ್ಣಿಗೆ ಬೀಳ್ತದ. ಒಂದು ಸಣ್ಣ ಪ್ರಶ್ನೆ ಇಟ್ಕೊಂಡು ಹೋಗ್ರಿ. ಇವತ್ತು ನೆರಳಿನ ಬಣ್ಣ ಅಷ್ಟ ನೋಡ್ತೀನಿ. ಇವತ್ತು ಬಾಗಿಲು ಅಷ್ಟ ನೋಡ್ತೀನಿ. ಇವತ್ತು ಮಂದಿ ಹೆಂಗ್ ಕುಂತಿರ್ತಾರ ಅಷ್ಟ ನೋಡ್ತೀನಿ.

ಕಡಿ ಪ್ರಶ್ನಿ ತಗೊಂಡು ಒಮ್ಮೆ ಕಲಬುರಗಿ ಬಸ್ ಸ್ಟ್ಯಾಂಡಿಗೆ ಹೋಗಿ ನೋಡ್ರಿ. ಗಂಟಿನ ಮ್ಯಾಲ ಗಲ್ಲ ಇಟ್ಟು ಕುಂತ ಮುದುಕಿ, ಮೊಬೈಲ್ ನೋಡ್ಕೋತ ಬೆನ್ನು ಬಗ್ಗಿಸಿದ ಹುಡುಗ, ಕುಕ್ಕರಗಾಲಿಲೆ ಕುಂತು ತಂಬಾಕು ತಿಕ್ಕೋ ಕಾಕಾ, ಕೂಸಿಗಿ ಸೆರಗು ಹೊದಿಸಿ ಗ್ವಾಡಿಗೆ ಆನಿಕೊಂಡ ಬಾಳಂತಿ. ಒಂದು ತಾಸಿನ್ಯಾಗ 12 ಆಕಾರ ಸಿಗ್ತಾವ. ಪ್ರಶ್ನೆ ಇಲ್ಲದ ಹೋಗಿದ್ರ "ಭಾಳ ಗದ್ದಲ ಇತ್ರಿ" ಅಂತ ಬರ್ತಿದ್ರಿ.

ಹಂತ 2: ಹೊತ್ತು ನೋಡಿ ಹೋಗ್ರಿ

ನಮ್ ಕಡಿ ಚಿತ್ರ ತಗಿಯೋರಿಗಿ ಜಾಗಕ್ಕಿಂತ ಹೊತ್ತು ಮುಖ್ಯ ಅಂತ ನಾನು ಖಂಡಿತ ಹೇಳ್ತೀನಿ. ಮಟ ಮಟ ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲ ಇದ್ದಾಗ ನೆರಳೆಲ್ಲಾ ಕಾಲಕೆಳಗ ಹೋಗಿಬಿಡ್ತದ, ಗುಮ್ಮಟ ದುಂಡಗ ಕಾಣಂಗಿಲ್ಲ, ಹಾಳಿ ಕತ್ತರಿಸಿ ಅಂಟಿಸಿದಂಗ ಚಪ್ಪಟ ಕಾಣ್ತದ. ಮುಂಜಾನಿ 6:30ರಿಂದ 9, ಸಂಜಿಕ 5ರಿಂದ ಕತ್ತಲಾಗೋ ತನ ಬೆಳಕು ಓರಿಯಾಗಿ ಬೀಳ್ತದ, ಅವಾಗ ಒಂದು ಕಡಿ ಬಿಸಲು ಒಂದು ಕಡಿ ನೆರಳು ಆಗಿ ಆಕಾರ ಎದ್ದು ಬರ್ತದ. ಕಲಬುರಗಿಯ ಹಫ್ತ ಗುಂಬಜ್ ಕಡಿ ಸಂಜಿಕ ಹೋಗ್ರಿ, ಸಾಲಾಗಿ ನಿಂತ ಗುಮ್ಮಟಗಳ ಒಂದು ಮಗ್ಗಲು ಜೋಳದ ಹಿಟ್ಟಿನ ಬಣ್ಣಕ್ಕ ತಿರುಗ್ತದ, ಇನ್ನೊಂದು ಮಗ್ಗಲು ನೇರಳಿ ಬಣ್ಣಕ್ಕ. ನೆರಳು ಯಾಕ ನೇರಳಿ ಅಂದ್ರ ಅಲ್ಲಿಗಿ ಸೂರ್ಯನ ಬೆಳಕು ಮುಟ್ಟಂಗಿಲ್ಲ, ನೀಲಿ ಆಕಾಶದ ಬೆಳಕು ಅಷ್ಟ ಮುಟ್ತದ. ಇದು ತಿಳಿದ ದಿನದಿಂದ ನಾನು ನೆರಳಿಗಿ ಕರಿ ಬಣ್ಣ ಹಚ್ಚೋದು ಬಿಟ್ಟೀನಿ, ನೀವೂ ಬಿಡ್ರಿ.

ಹಂಗಾದ್ರ ಮಧ್ಯಾಹ್ನ ಏನ್ ಮಾಡ್ಬೇಕು? ಒಳಗ ಹೋಗ್ರಿ. ಕಲಬುರಗಿ ಕೋಟಿ ಒಳಗಿನ ಜಾಮಿ ಮಸೀದಿ 1367ರಾಗ ಕಟ್ಟಿದ್ದು, ಉಳಿದ ಮಸೀದಿಗಳಿಗಿ ಇರೋಹಂಗ ಅದಕ್ಕ ನಡುವ ಬಯಲು ಅಂಗಳ ಇಲ್ಲ, ಪೂರಾ ಮ್ಯಾಲ ಛತ್ತು ಅದ. ಅದಕ್ಕ ಬೆಳಕು ಮಗ್ಗಲಿಂದ ಅಷ್ಟ ಬರ್ತದ, ಕಮಾನಿನ ಹಿಂದ ಕಮಾನು, ಅದರ ಹಿಂದ ಮತ್ತೊಂದು ಕಮಾನು, ಒಂದೊಂದೂ ಒಂದೊಂದು ಛಾಯಾ. ಹೊರಗಿನ ಬಿಸಲು ನೆಲಕ್ಕ ಬಡಿದು ಕಮಾನಿನ ಹೊಟ್ಟಿಗೆ ಕೆಳಗಿಂದ ಬೆಳಕು ಬಿಡ್ತದ, ಅದು ಬೆಚ್ಚಗಿನ ಬೂದು ಬಣ್ಣ. ಟೋನ್ ಅಂದ್ರ ಏನು ಅಂತ ಭಾಳ ಜನ ಕೇಳ್ತಾರ. ಬಣ್ಣ ಯಾವುದರೆ ಇರ್ಲಿ, ಅದು ಎಷ್ಟು ತಿಳಿ ಎಷ್ಟು ಗಾಢ ಅನ್ನೋದೇ ಟೋನ್. ಅದನ್ನ ಕಲೀಲಿಕ್ಕ ಈ ಕಮಾನುಗಳಿಗಿಂತ ಛಲೋ ಸಾಲಿ ನನಗ ಇನ್ನೂ ಸಿಕ್ಕಿಲ್ಲ.

ಬೀದರಿನಿಂದ ಜರಾ ಹೊರಗಿರೋ ಅಷ್ಟೂರಿನ ಬಹಮನಿ ಗೋರಿಗಳೂ ಮಧ್ಯಾಹ್ನಕ್ಕ ಬರ್ತಾವ. ಬಹಮನಿ ಸುಲ್ತಾನ ಅಹಮದ್ ಶಾ ವಲಿ ಗೋರಿ ಒಳಗ ಗ್ವಾಡಿ ತುಂಬ, ಗುಮ್ಮಟದ ಒಳಮೈ ತುಂಬ ಕೆಂಪು, ನೀಲಿ, ಚಿನ್ನದ ಬಣ್ಣದ ಕೆಲಸ ಅದ. ಒಳಗ ಹೋದ ಕೂಡ್ಲೆ ಏನೂ ಕಾಣಂಗಿಲ್ಲ, ಕತ್ತಲ ಅದ ಅಂತ ಹೊರಗ ಬರಬ್ಯಾಡ್ರಿ, 10 ನಿಮಿಷ ಸುಮ್ಮ ನಿಂದ್ರಿ, ಕಣ್ಣು ಹೊಂದಿಕೊಂಡಂಗ ಒಂದೊಂದೇ ಬಣ್ಣ ಹೊರಗ ಬರ್ತದ. ಮೊದಲು ಯಾವ ಬಣ್ಣ ಕಂಡಿತು, ಕಡಿಗಿ ಯಾವುದು ಕಂಡಿತು ಬರಕೋರಿ, ಅದೇ ಒಂದು ಚಿತ್ರದ ವಿಷಯ. ಅಲ್ಲೇ ಹುಮಾಯೂನ್ ಗೋರಿ ಅದ (ದಿಲ್ಲಿಯ ಮೊಗಲ ಹುಮಾಯೂನ್ ಅಲ್ಲ, ಬಹಮನಿ ಸುಲ್ತಾನ), ಸಿಡಿಲು ಬಡಿದು ಅರ್ಧ ಒಡದು ಹೋಗ್ಯದ ಅಂತಾರ, ಗುಮ್ಮಟ ನಡುವ ಸೀಳಿದಂಗ ಕಾಣ್ತದ, ಗ್ವಾಡಿ ಎಷ್ಟು ದಪ್ಪ, ಒಳಮೈ ಹೆಂಗ್ ಬಾಗ್ಯದ ಎಲ್ಲಾ ಬಿಚ್ಚಿ ಇಟ್ಟಂಗ. ಗುಮ್ಮಟ ತಗೀಲಿಕ್ಕ ಕಲಿಯೋರು ಇದನ್ನ ಒಮ್ಮೆ ತಗೀಲೇಬೇಕು.

ಎಚ್ಚರ: ನಮಾಜಿನ ಹೊತ್ತು, ಪೂಜಿ ಹೊತ್ತು ಬಿಟ್ಟು ಹೋಗ್ರಿ. ಸ್ಟ್ಯಾಂಡ್ ಇಟ್ಟು ಕೂಡೋದಿದ್ರ ಅಲ್ಲಿನ ಕಾವಲುಗಾರರನ್ನ ಮೊದಲು ಕೇಳ್ರಿ. ಹಳೆ ಗ್ವಾಡಿಗಿ ಕೈ ಹಚ್ಚಬ್ಯಾಡ್ರಿ, ಬಣ್ಣದ ನೀರು ಅಲ್ಲೇ ಚೆಲ್ಲಬ್ಯಾಡ್ರಿ, ಬಾಟ್ಲಿಯೊಳಗ ಹಾಕ್ಕೊಂಡು ಬರ್ರಿ. ಚೈತ್ರ ವೈಶಾಖದಾಗ 11ರಿಂದ 4ರ ತನ ಬಯಲಾಗ ಕುಂದರೋದು ಬ್ಯಾಡೇ ಬ್ಯಾಡ, ನಮ್ ಕಡಿ ಬಿಸಲು 40 ಡಿಗ್ರಿ ದಾಟ್ತದ, ಚಿತ್ರಕ್ಕಿಂತ ಜೀವ ದೊಡ್ಡದು.

ಹಂತ 3: ನಿಂತ ಜಾಗದಾಗ 20 ನಿಮಿಷ

ಮೊದಲ 5 ನಿಮಿಷ ಪೆನ್ಸಿಲ್ ಮುಟ್ಟಬ್ಯಾಡ್ರಿ. ಸುಮ್ಮ ನೋಡ್ರಿ. ನಿಮ್ಮ ಕಣ್ಣು ಯಾವ ಕಡಿ ಮತ್ತ ಮತ್ತ ಹೋಗ್ಲಿಕತ್ತದ ಅಂತ ಗಮನ ಇಡ್ರಿ, ಅಲ್ಲೇ ನಿಮ್ಮ ಚಿತ್ರ ಅದ.

ಆಮ್ಯಾಲ ಲಗ್ನಪತ್ರಿಕಿ ಕಿಂಡಿ ಹಿಡಿದು ಅಡ್ಡ ಉದ್ದ ತಿರುಗಿಸಿ ನೋಡ್ರಿ, ಹತ್ರ ತಂದ್ರ ಅಗಲ ಕಾಣ್ತದ, ದೂರ ಹಿಡಿದ್ರ ಸಣ್ಣ ತುಂಡು ಕಾಣ್ತದ. ನಮ್ಮವರು ಮಾಡೋ ದೊಡ್ಡ ತಪ್ಪು ಏನಂದ್ರ ಕಂಡದ್ದೆಲ್ಲಾ ಒಂದೇ ಹಾಳಿಯೊಳಗ ತುಂಬೋದು, ಕೋಟಿನೂ ಬೇಕು, ಗಿಡಾನೂ ಬೇಕು, ಎಮ್ಮಿನೂ ಬೇಕು, ಆಟೋನೂ ಬೇಕು. ಒಂದು ತಗೋರಿ, ಉಳಿದದ್ದು ಅದಕ್ಕ ನೆರವಾಗ್ತದೇನು ನೋಡ್ರಿ, ಇಲ್ಲಂದ್ರ ಬಿಡ್ರಿ.

ಮುಂದಿನ 10 ನಿಮಿಷದಾಗ 3 ಥಂಬ್‌ನೇಲ್. ಥಂಬ್‌ನೇಲ್ ಅಂದ್ರ ಬೆಂಕಿಪೆಟ್ಟಿಗಿ ಅಳತಿಯ ಪುಟ್ಟ ಚಿತ್ರ, ಗೆರಿ ಛಂದ ಬರಬೇಕಂತಿಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿದ್ರ ಸಣ್ಣ ಸಣ್ಣ ವಿವರ ಮಾಯ ಆಗಿ ತಿಳಿ, ನಡುವಿನದು, ಗಾಢ ಅಂತ ಮೂರೇ ಟೋನ್ ಉಳೀತಾವ, ಆ ಮೂರನ್ನ ಪೆನ್ಸಿಲ್‌ಲೆ ತುಂಬ್ರಿ. ಮೂರೂ ಥಂಬ್‌ನೇಲ್ ಒಂದೇ ಥರ ಇರಬಾರ್ದು, ಒಂದು ಅಡ್ಡ, ಒಂದು ಉದ್ದ, ಒಂದು ಭಾಳ ಹತ್ರದಿಂದ. ನನಗ ಯಾವಾಗ್ಲೂ ಮೂರನೇದೇ ಕೆಲಸಕ್ಕ ಬಂದದ, ಯಾಕಂದ್ರ ಮೊದಲನೇದು ಎಲ್ಲಾರೂ ತಗಿಯೋ ಅಂಥದ್ದೇ ಆಗಿರ್ತದ.

ಕಡಿ 5 ನಿಮಿಷ ಅಕ್ಷರಕ್ಕ ಇಡ್ರಿ. ಯಾವ ಹೊತ್ತು, ಗಾಳಿ ಯಾವ ಕಡಿಂದ, ಏನ್ ವಾಸನಿ, ಯಾರರೆ ಆಡಿದ ಒಂದು ಮಾತು. ಗಂಜಿನ್ಯಾಗ, ಅಂದ್ರ ಕಾಳಿನ ಪ್ಯಾಟಿಯಾಗ, ತೊಗರಿ ಚೀಲ ಇಳಿಸೋ ಹಮಾಲರನ್ನ ತಗೀಬೇಕಾದ್ರ "ಧೂಳು ಹಳದಿ, ಹೆಗಲ ಮ್ಯಾಲಿನ ಅರಬಿ ಕೆಂಪು ಇತ್ತು ಈಗ ಗುಲಾಬಿ ಆಗ್ಯದ" ಅಂತ ಬರಕೊಂಡಿದ್ದೆ, 3 ತಿಂಗಳ ಮ್ಯಾಲ ಆ ಒಂದು ಸಾಲಿನಿಂದ ಪೂರಾ ಚಿತ್ರ ಎದ್ದು ಬಂತು, ಅದೇ ದಿನದ ಸ್ಕೆಚ್ಚಿನಿಂದ ಏನೂ ನೆನಪಾಗ್ಲಿಲ್ಲ.

ಹಂತ 4: ಇಲ್ಲಿನ ಬಣ್ಣ ಇಲ್ಲೇ ಕಲಸಿ ನೋಡ್ರಿ

ಇದು ನನಗ ಅತೀ ಪ್ರೀತಿಯ ಭಾಗ, ಜರಾ ಉದ್ದ ಆಗ್ತದ.

ಡಬ್ಬಿಯೊಳಗಿನ ಬಣ್ಣ ಹಂಗ ಹಚ್ಚಿದ್ರ ಅದು ಯಾವ ಊರಿನ ಚಿತ್ರಾನೂ ಆಗಂಗಿಲ್ಲ. ಕಲಬುರಗಿ, ಯಾದಗಿರಿ ಎರಿ ಭೂಮಿ ಕರಿ ಅಂತೀವಿ, ಆದ್ರ ಬ್ಯಾಸಗಿಯಾಗ ಬಿರುಕು ಬಿಟ್ಟಾಗ ನೋಡ್ರಿ, ಅದು ಬೂದು, ಬಿರುಕಿನ ಒಳಗ ಅಷ್ಟ ಕಪ್ಪು. ಮಳಿ ಬಿದ್ದ ಮರುದಿನ ಅದೇ ಹೊಲ ಕಾಡಿಗಿ ಆಗಿರ್ತದ. ಕರಿ ಟ್ಯೂಬು ಬಿಟ್ಟು ಬರ್ನ್ಟ್ ಸಿಯೆನ್ನಾದಾಗ, ಅಂದ್ರ ಸುಟ್ಟ ಇಟ್ಟಂಗಿಯಂಥ ಕಂದು ಬಣ್ಣದಾಗ, ಅಲ್ಟ್ರಾಮರೀನ್ ನೀಲಿ ಕಲಸ್ರಿ. ನೀಲಿ ಹೆಚ್ಚಾದ್ರ ಹಸಿ ಎರಿ, ಕಂದು ಹೆಚ್ಚಾಗಿ ನೀರು ಜಾಸ್ತಿ ಆದ್ರ ಒಣ ಎರಿ.

ಬೀದರ ಕಡಿ ಹೋದ್ರ ಮಣ್ಣೇ ಬ್ಯಾರೆ. ಅಲ್ಲಿ ಜಂಬಿಟ್ಟಿಗಿ ಕಲ್ಲು, ಕೆಂಪು ನೆಲ, ಕೋಟಿ ಗ್ವಾಡಿನೂ ಅದೇ ಕೆಂಪು. ಬರ್ನ್ಟ್ ಸಿಯೆನ್ನಾಕ್ಕ ಯೆಲ್ಲೋ ಓಕರ್, ಅಂದ್ರ ಅರಿಶಿಣ ಮಣ್ಣಿನಂಥ ಹಳದಿ, ಜರಾ ಸೇರಿಸಿದ್ರ ಬಿಸಲಿನ ಕಡಿ ಬರ್ತದ, ಅದೇ ಮಿಶ್ರಣಕ್ಕ ಕ್ರಿಮ್ಸನ್, ಅಂದ್ರ ಗಾಢ ಕೆಂಪು, ಮತ್ತ ಒಂದು ಹನಿ ನೀಲಿ ಹಾಕಿದ್ರ ನೆರಳಿನ ಕಡಿ. ಆ ಕಲ್ಲಿನ ಮೈ ತುಂಬ ತೂತು ಇರ್ತಾವ, ಅದಕ್ಕ ಬ್ರಶ್ ಒಣ ಇಟ್ಟು ಹಾಳಿ ಮ್ಯಾಲ ಹಗೂರಕ ಎಳೀರಿ, ಬಣ್ಣ ಬಿಟ್ಟು ಬಿಟ್ಟು ಹತ್ತಿ ತೂತಿನಂಗೇ ಕಾಣ್ತದ. ಇದಕ್ಕ ಡ್ರೈ ಬ್ರಶ್ ಅಂತಾರ.

ಶಹಾಬಾದ್ ಕಲ್ಲು ನಮ್ ಮನಿ ಮನಿಯಾಗ ಕಾಲಕೆಳಗ ಅದ, ಹೊಲದ ಬೇಲಿಗೂ ಅದನ್ನೇ ನಿಲ್ಲಿಸಿರ್ತಾರ, ಆದ್ರ ಅದನ್ನ ಯಾರೂ ತಗಿಯಂಗಿಲ್ಲ. ಅದು ನೀಲಿ ಬೆರೆತ ಬೂದು, ನೀರು ಹೊಡೆದು ಒರೆಸಿದ ಮ್ಯಾಲ ಬಾಗಿಲ ಬೆಳಕು ಅದರೊಳಗ ಉದ್ದಕ ಬೀಳ್ತದ. ನಿಮ್ಮ ಮನಿ ಪಡಸಾಲಿಯಾಗ ಮುಂಜಾನಿ ಅವ್ವ ನೆಲ ಒರೆಸಿದ ಕೂಡ್ಲೆ ಕುಂತು ಇದನ್ನ ತಗೀರಿ, ಎಲ್ಲೂ ಹೋಗೋದು ಬ್ಯಾಡ.

ಇನ್ನ ತೊಗರಿ. ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್ ಸಿಕ್ತು, ಅಂದ್ರ ಈ ನೆಲದ ಗುಣದಿಂದಲೇ ಹೆಸರಾದ ಬೆಳಿ ಅಂತ ಸರ್ಕಾರದ ನೋಂದಣಿ. ಹೂ ಬಿಡೋ ಹೊತ್ತಿಗಿ, ದಸರಾ ದೀವಳಗಿ ಆಸುಪಾಸು, ಹೊಲಕ್ಕ ಹೋಗಿ ಒಂದು ಹೂ ಕೈಯಾಗ ಹಿಡಿದು ನೋಡ್ರಿ. ದೂರಿಂದ ಹಳದಿ ಅಷ್ಟ, ಹತ್ರಕ್ಕ ಎಸಳಿನ ಬೆನ್ನಿಗೆ ಕೆಂಪು ಗೆರಿ ಇರ್ತಾವ. ದೂರದ ಹೊಲಕ್ಕ ಮಾಸಿದ ಹಸರು ಬಳದು ಹಸಿ ಇದ್ದಾಗಲೇ ಲೆಮನ್ ಹಳದಿ ಚುಕ್ಕಿ ಇಟ್ರ ಅದು ತಾನೇ ಹರಡಿ ಹೂವಾಗ್ತದ. ಹಸಿ ಮ್ಯಾಲ ಹಸಿ ಹಚ್ಚೋ ಈ ರೀತಿಗಿ ವೆಟ್ ಆನ್ ವೆಟ್ ಅಂತಾರ.

ಎಚ್ಚರ: ನಮ್ ಬಿಸಿಲಿಗಿ ವಾಶ್ ಕ್ಷಣದಾಗ ಒಣಗ್ತದ. ವಾಶ್ ಅಂದ್ರ ತೆಳ್ಳಗ ನೀರಾಗಿ ದೊಡ್ಡ ಜಾಗಕ್ಕ ಬಳಿಯೋ ಬಣ್ಣ. ಆಕಾಶ ಅರ್ಧ ಬಳಿಯೋದ್ರಾಗ ಮೊದಲಿನ ಅರ್ಧ ಒಣಗಿ ನಡುವ ಗಟ್ಟಿ ಗೆರಿ ನಿಲ್ತದ, ಹೊರಗ ಚಿತ್ರ ತಗಿಯೋರೆಲ್ಲಾ ಹೇಳೋ ದೂರು ಇದೇ. ಬಣ್ಣ ಮೊದಲೇ ಬೇಕಾದಷ್ಟು ಕಲಸಿಟ್ಕೋರಿ, ಹಾಳಿ ಒದ್ದಿ ಮಾಡಿ ಆಮ್ಯಾಲ ಬಳೀರಿ, ಬೇಕಾದ್ರ ಮೆಡಿಕಲ್ ಅಂಗಡಿಯಾಗ ಸಿಗೋ ಗ್ಲಿಸರಿನ್ 2 ಹನಿ ನೀರಿಗಿ ಹಾಕ್ಕೋರಿ, ಒಣಗೋದು ಜರಾ ನಿಧಾನ ಆಗ್ತದ. ಮಳಿಗಾಲದಾಗ ಗ್ಲಿಸರಿನ್ ಹಾಕಬ್ಯಾಡ್ರಿ, ದಿನಗಟ್ಲೆ ಅಂಟಂಟ ಉಳೀತದ.

ಹಂತ 5: ಮಂದಿನ ತಗಿಯೋದು

ಕೇಳಿ ತಗೀರಿ. ಇದರಾಗ ಎರಡು ಮಾತಿಲ್ಲ. "ಯಕ್ಕಾ, ನೀವು ಕಾಯಿಪಲ್ಲೆ ಹಚ್ಚಿ ಕುಂತದ್ದು ಛಂದ ಕಾಣ್ಲಿಕತ್ತದ, ಐದ್ ನಿಮಿಷ ಚಿತ್ರ ತಗದ್ರ ನಡೀತದೇನ್ರಿ?" ಅಂದ್ರ ಭಾಳ ಮಂದಿ ಹೂಂ ಅಂತಾರ, ಮತ್ತ ಸೆರಗು ಸರಿ ಮಾಡ್ಕೊಂಡು ಫೋಟೋಕ್ಕ ನಿಂತಂಗ ನೆಟ್ಟಗ ಕೂಡ್ತಾರ. ಅವಾಗ ಅವಸರ ಮಾಡಬ್ಯಾಡ್ರಿ, ಮೊದಲು ಬುಟ್ಟಿ ತಗೀರಿ, ತಕ್ಕಡಿ ತಗೀರಿ, ಗಿರಾಕಿ ಬಂದು ಅವರು ನಿಮ್ಮನ್ನ ಮರತ ಮ್ಯಾಲ ಅವರ ಆಕಾರ ತಗೀರಿ. ಬ್ಯಾಡ ಅಂದ್ರ ಬ್ಯಾಡ, ಮುಂದಕ್ಕ ಹೋಗ್ರಿ. ಮುಗಿದ ಮ್ಯಾಲ ತೋರಸ್ರಿ, ಆಗೋದಾದ್ರ ಒಂದು ಸಣ್ಣ ಚಿತ್ರ ಅವರಿಗೇ ಕೊಡ್ರಿ.

ಮುಖಕ್ಕಿಂತ ಕೈ ಹೆಚ್ಚು ಹೇಳ್ತಾವ ಅಂತ ನನಗ ಅನಿಸ್ತದ. ಖಾನಾವಳಿಯಾಗ ರೊಟ್ಟಿ ಬಡಿಯೋ ಅವ್ವನ ಕೈ, ಹಿಟ್ಟು ಹತ್ತಿದ ಬಳಿ, ಒಲಿ ಬೆಳಕು ಕೆಳಗಿಂದ, ತವಾದ ಮ್ಯಾಲ ಎದ್ದ ಆವಿ. ಮುಂಜಾನಿ ಸುಸಲಾ ಮಿರ್ಚಿ ಮಾಡೋ ಬಂಡಿಯವನ ಕೈ. ಆದ್ರ ಒಂದು ಬಿನ್ನಹ, ಬಡವರ ಸುಕ್ಕು ಮುಖ, ಹರಕ ಅರಬಿ ಅಷ್ಟ ಹುಡುಕಿಕೊಂಡು ಹೋಗಿ ತಗಿಯೋದು ಬ್ಯಾಡ. ಆ ಮುದುಕಿ ನಗ್ತಿರ್ತಾಳ, ಮೊಮ್ಮಗಳಿಗೆ ಬೈತಿರ್ತಾಳ, ರೊಕ್ಕ ಎಣಿಸ್ತಿರ್ತಾಳ, ಅದನ್ನ ಬಿಟ್ಟು ದುಃಖ ಅಷ್ಟ ತಗದ್ರ ಆಕಿಗಿ ಅನ್ಯಾಯ ಆಗ್ತದ.

ಎಚ್ಚರ: ದರ್ಗಾ, ಗುಡಿ, ಜಾತ್ರಿಯಾಗ ಹೆಣ್ಮಕ್ಕಳ ಕಡಿ ಮೊಬೈಲ್ ಎತ್ತಬ್ಯಾಡ್ರಿ. ಖ್ವಾಜಾ ಬಂದೇ ನವಾಜ್ ದರ್ಗಾದ ಹೊರಗಿನ ಹೂವಿನ ಅಂಗಡಿ, ಚಾದರ್ ಅಂಗಡಿ, ಶರಣಬಸವೇಶ್ವರ ಗುಡಿ ಮುಂದಿನ ತೆಂಗಿನಕಾಯಿ ರಾಶಿ, ಇವೇ ಬೇಕಾದಷ್ಟು ಅದಾವ.

ಹಂತ 6: ಬಸ್ಸು, ರೈಲಿನ್ಯಾಗ ಕುಂತಾಗ

ಕುಲುಕಾಟದಾಗ ಗೆರಿ ಬರಂಗಿಲ್ಲ ಅಂತ ಸುಮ್ಮ ಕೂಡಬ್ಯಾಡ್ರಿ, ಇದು ನೆನಪಿನ ತಾಲೀಮಿಗಿ ಛಲೋ ಜಾಗ. ಕಿಡಿಕಿಯಿಂದ ಒಂದು ನಿಮಿಷ ನೋಡ್ರಿ, ಕಣ್ಣು ಮುಚ್ರಿ, ಉಳಿದದ್ದು ಏನದ ಅದನ್ನ ಅಷ್ಟ ಮುಂದಿನ ಸ್ಟೇಷನ್ನಿನ್ಯಾಗ ಗಾಡಿ ನಿಂತಾಗ ತಗೀರಿ. ಬೇಡಾದ್ದು ಎಲ್ಲಾ ಕಣ್ಣೇ ಸೋಸಿ ಬಿಟ್ಟಿರ್ತದ. ಕಲಬುರಗಿ-ಬೀದರ ರೈಲು ಹಾದಿ 2017ರಾಗ ಶುರು ಆಯ್ತು, ಒಮ್ಮೆ ಹಗಲು ಹೊತ್ತು ಅದರಾಗ ಹೋಗ್ರಿ, ಕರಿ ನೆಲ ಮುಗಿದು ಕೆಂಪು ನೆಲ ಶುರು ಆಗೋದನ್ನ ಬಣ್ಣದ ಪಟ್ಟಿ ಥರ ಹಾಳಿ ಮ್ಯಾಲ ಇಟ್ಕೋತ ಹೋಗಬಹುದು, ಸ್ಟೇಷನ್ನಿಗೊಂದು ಪಟ್ಟಿ. ಕಮಲಾಪುರ ಹಾದಿಯಾಗೇ ಬರ್ತದ, ಅಲ್ಲಿನ ಕೆಂಪು ಬಾಳಿಹಣ್ಣಿನ ಗೊನಿ ಕಂಡ್ರ ಬಿಡಬ್ಯಾಡ್ರಿ, ಕ್ರಿಮ್ಸನ್‌ದಾಗ ಜರಾ ಕಂದು, ತೊಟ್ಟಿನ ಹತ್ರ ಹಸರು, ಒಂದೇ ಹಣ್ಣಿನ್ಯಾಗ ಎಷ್ಟು ಬಣ್ಣ.

ಹಂತ 7: ಮೊದಲಿನವರು ಹೆಂಗ್ ಮಾಡ್ಯಾರ ನೋಡ್ರಿ

ಬೀದರಿನ ಚೌಬಾರಾ, ಅಂದ್ರ ಹಳೆ ಊರಿನ ನಡುವಿನ ಗೋಪುರದ ಸುತ್ತ ಬಿದ್ರಿ ಕೆಲಸದವರು, ಅಂದ್ರ ಕಪ್ಪು ಲೋಹದಾಗ ಬೆಳ್ಳಿ ಕೂಡಿಸೋರು ಅದಾರ. ಸತು ಮತ್ತ ಜರಾ ತಾಮ್ರ ಕೂಡಿಸಿ ಎರಕ ಹಾಕಿದ ಪಾತ್ರಿ ಮ್ಯಾಲ ಮೊದಲು ಮೈಲುತುತ್ತದ ನೀರು ಬಳದು ಕಪ್ಪು ಮಾಡ್ತಾರ, ಯಾಕಂದ್ರ ಆ ಕಪ್ಪಿನ ಮ್ಯಾಲ ಗೀರಿದ ಗೆರಿ ಬೆಳ್ಳಗ ಎದ್ದು ಕಾಣ್ತದ. ಗೆರಿ ಕೈಲೇ ಹಾಕ್ತಾರ, ಕೊರೆದು ಬೆಳ್ಳಿ ಕೂಡಿಸ್ತಾರ, ಕಡಿಗಿ ಕೋಟಿಯೊಳಗಿನ ಹಳೆ ಮಣ್ಣು, ನವಸಾಗರ ಕೂಡಿಸಿ ಕುದಿಸಿದ ನೀರಿನ್ಯಾಗ ಅದ್ದಿದ್ರ ಪಾತ್ರಿ ಮೈ ಕಡುಗಪ್ಪು ಆಗ್ತದ, ಬೆಳ್ಳಿ ಹಂಗ ಉಳೀತದ. ಚಿತ್ರ ತಗಿಯೋರಿಗಿ ಇದರಾಗ ಒಂದು ದೊಡ್ಡ ಪಾಠ ಅದ, ಬೆಳಕು ಕಾಣಬೇಕಾದ್ರ ಅದರ ಮಗ್ಗಲಿನ ಕತ್ತಲಿ ಗಟ್ಟಿ ಇರಬೇಕು. ಒಂದು ಹೂಜಿ ಎದುರಿಗಿ ಇಟ್ಕೊಂಡು ಬೆಳ್ಳಿ ಜಾಗ ಹಾಳಿ ಬಿಳುಪು ಬಿಟ್ಟು ಸುತ್ತಲಿನ ಕಪ್ಪು ಅಷ್ಟ ಬಳದು ನೋಡ್ರಿ. ವಸ್ತು ಬಿಟ್ಟು ಸುತ್ತಲಿನ ಜಾಗ ತಗಿಯೋ ಇದಕ್ಕ ನೆಗೆಟಿವ್ ಪೇಂಟಿಂಗ್ ಅಂತಾರ. ಬೀದರ ಕೋಟಿಯ ರಂಗೀನ್ ಮಹಲಿನ್ಯಾಗ ಕರಿ ಕಲ್ಲಿನೊಳಗ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ಅದ, ಅಲ್ಲೂ ಅದೇ ಪಾಠ. ಬೀದರಿನ್ಯಾಗೇ ಇರೋ, ಬಹಮನಿ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ 1472ರ ಮದರಸಾದ ಮುಂಗ್ವಾಡಿ ಮ್ಯಾಲ ಉಳಿದ ನೀಲಿ, ಹಳದಿ, ಬಿಳಿ ಹೆಂಚಿನ ತುಂಡು ನೋಡ್ರಿ, ಪೂರಾ ಗ್ವಾಡಿ ತಗಿಯೋದಕ್ಕ ಹೋಗದ ಹೆಂಚು ಉದುರಿದ ಜಾಗ ಮತ್ತ ಉಳಿದ ಜಾಗ ಕೂಡೋ ಒಂದು ಅಂಗೈಯಷ್ಟು ತುಂಡು ತಗೀರಿ.

ಯಾದಗಿರಿ ಜಿಲ್ಲಾದವರಿಗಿ ಸುರಪುರ ಅದ. ನಾಯಕ ಅರಸರ ಆಶ್ರಯದಾಗ ಬೆಳೆದ ಸುರಪುರ ಶೈಲಿ ಚಿತ್ರಗಳು ಸಣ್ಣ ಸಣ್ಣ ಗೆರಿಗೂ ಚಿನ್ನದ ಕೆಲಸಕ್ಕೂ ಹೆಸರಾದವು. ಶಹಾಪುರದ ಮಲಗಿದ ಬುದ್ಧನ ಗುಡ್ಡಾನೂ ಮರೀಬ್ಯಾಡ್ರಿ, ಬರೇ ಗುಡ್ಡದ ಅಂಚಿನ ಗೆರಿ ಹಣಿ, ಮೂಗು, ಎದಿ ಆಗಿ ಕಾಣ್ತದ, ಒಂದೇ ಗೆರಿ ಎಷ್ಟು ಹೇಳ್ತದ ಅಂತ ಕಲೀಬೇಕಾದ್ರ ಅದನ್ನ ಬ್ರಶ್ ಎತ್ತದ ತಗೀರಿ. ಮನುಷ್ಯರ ಆಕೃತಿ ಬೇಕಾದ್ರ ಚಿತ್ತಾಪುರ ತಾಲೂಕಿನ ಸನ್ನತಿ ಕನಗನಹಳ್ಳಿಯ ಹಳೆ ಬೌದ್ಧ ಸ್ತೂಪದ ಜಾಗಕ್ಕ ಹೋಗ್ರಿ, ಅಶೋಕನ ಹೆಸರು ಕೊರೆದ ಅವನ ಶಿಲ್ಪ ಸಿಕ್ಕದ್ದು ಅಲ್ಲೇ, ಭೀಮಾ ದಂಡಿ ಹತ್ರ.

ಕಲಬುರಗಿಯಾಗ 1916ರಾಗ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಯಾಗ ಸಿನಿಮಾ ಪೋಸ್ಟರ್, ಪುರಾಣದ ಚಿತ್ರ, ಕ್ಯಾಲೆಂಡರ್ ಚಿತ್ರದಿಂದ ದೇಶಕ್ಕೆಲ್ಲಾ ಹೆಸರಾದ್ರು. ಅವರ ಹೆಸರಿನ ರಂಗಮಂದಿರದ ಮುಂದ ದಿನಾ ಹಾಯ್ದು ಹೋಗೋ ಹುಡುಗರಿಗಿ ಅವರು ಪೇಂಟರ್ ಅಂತಲೇ ಗೊತ್ತಿಲ್ಲ, ಅದು ನನಗ ಖರೇನ ಸಂಕಟ. ಅವರ ಚಿತ್ರದಾಗ ಮುಖದ ಮ್ಯಾಲ ಬೆಳಕು ಎಲ್ಲಿಂದ ಬಂದದ ಅಂತ ಹುಡುಕಿ ನೋಡ್ರಿ.

ಎಚ್ಚರ: ಹಳೆ ವಿನ್ಯಾಸ ನಕಲು ಮಾಡಿ ಕಲೀಬಹುದು, ಆದ್ರ ಅದನ್ನ ನಂದೇ ಅಂತ ಮಾರಬ್ಯಾಡ್ರಿ. ಕುಶಲಕರ್ಮಿಯ ಅಂಗಡಿಯಾಗ ಒಂದು ತಾಸು ಕುಂತು ಚಿತ್ರ ತಗದ್ರ ಏನರೆ ಸಣ್ಣದು ಖರೀದಿ ಮಾಡಿ ಬರ್ರಿ.

ಹಂತ 8: ಫೋಟೋ ಎಷ್ಟು ಬೇಕೋ ಅಷ್ಟ

ಒಂದು ಜಾಗಕ್ಕ 3 ಫೋಟೋ ಸಾಕು, ಅದೂ ಸ್ಕೆಚ್ ಆದ ಮ್ಯಾಲ. ಮೊದಲ ಸಲ ಅಷ್ಟೂರಿಗಿ ಹೋದಾಗ ನಾನು ನೂರಕ್ಕ ಮ್ಯಾಲ ಫೋಟೋ ತಗೊಂಡು ಬಂದೆ, ಒಂದರಿಂದಲೂ ಚಿತ್ರ ಆಗಲಿಲ್ಲ. ಯಾಕಂದ್ರ ಮೊಬೈಲ್ ಕ್ಯಾಮೆರಾ ಬಿಸಿಲಿಗಿ ಹೊಂದಿಸಿಕೊಂಡ್ರ ನೆರಳು ಪೂರಾ ಕಪ್ಪಾಗ್ತದ, ನೆರಳಿಗಿ ಹೊಂದಿಸಿಕೊಂಡ್ರ ಆಕಾಶ ಬಿಳಿ ಆಗ್ತದ. ನಿಮ್ಮ ಕಣ್ಣು ಎರಡೂ ಕಂಡಿತ್ತು, ಆದ್ರ ಮನಿಗಿ ಬಂದು ಫೋಟೋ ನೋಡಿದ್ರ ಕಣ್ಣು ಕಂಡದ್ದು ಮರೆತು ಫೋಟೋನೇ ಖರೆ ಅನಿಸ್ತದ. ಫೋಟೋ ಆಕಾರಕ್ಕ, ಅಳತಿಗಿ ನೋಡ್ರಿ, ಬಣ್ಣಕ್ಕ ನಿಮ್ಮ ನೋಟ್ಸು ನೋಡ್ರಿ.

ಹಂತ 9: ಮನಿಗಿ ಬಂದು 2 ದಿನದೊಳಗ ಕುಂದರ್ರಿ

ಭಾಳ ಜನರ ಕೆಲಸ ಇಲ್ಲೇ ನಿಲ್ತದ. ಸ್ಕೆಚ್ ಬುಕ್ ತುಂಬಿರ್ತದ, ದೊಡ್ಡ ಚಿತ್ರ ಒಂದೂ ಇಲ್ಲ. ಬಂದ 2 ದಿನದೊಳಗ ಪೋಸ್ಟ್ ಕಾರ್ಡ್ ಅಳತಿಯ 2 ಚಿತ್ರ ಮಾಡ್ರಿ, ಒಂದು ನೋಟ್ಸ್ ನೋಡಿ, ಒಂದು ಬುಕ್ ಮುಚ್ಚಿಟ್ಟು ಬರೇ ನೆನಪಿನಿಂದ. ನೆನಪಿನದು ಗೆರಿ ತಪ್ಪಿದ್ರೂ ಅದರಾಗ ನಿಮಗ ಏನ್ ಹಿಡಿಸಿತ್ತು ಅದು ಇರ್ತದ. ಎರಡನ್ನೂ ಮಗ್ಗಲಿಗಿ ಇಟ್ಟು ನೋಡಿ ದೊಡ್ಡ ಹಾಳಿಗಿ ಹೋಗ್ರಿ. ದೊಡ್ಡದು ಶುರು ಮಾಡೋ ಮುಂಚೆ ಒಂದು ಸಾಲು ಬರೀರಿ, "ಇದು ಯಾವುದರ ಚಿತ್ರ?" ಉತ್ತರ "ಬೀದರ ಕೋಟಿ" ಅಂತ ಬಂದ್ರ ಇನ್ನೂ ಆಗಿಲ್ಲ, "ಕೋಟಿ ಬಾಗಿಲ ನೆರಳಾಗ ಕುಲ್ಫಿ ಮಾರೋನು ಒಬ್ಬನೇ ಕುಂತದ್ದು" ಅಂತ ಬಂದ್ರ ಶುರು ಮಾಡ್ರಿ.

ಹಂತ 10: ಅದೇ ಜಾಗಕ್ಕ ಮತ್ತ ಹೋಗ್ರಿ

ಒಂದು ಜಾಗ ಆರಿಸಿ ವರ್ಷದಾಗ 4 ಸಲ ಹೋಗ್ರಿ. ಕಲಬುರಗಿಯ ಅಪ್ಪನ ಕೆರಿ ದಂಡಿ ಆದ್ರೂ ಆಗಬಹುದು, ನಿಮ್ಮೂರ ಹೊಲದ ಬದು ಆದ್ರೂ ಆಗಬಹುದು. ಮೊದಲ ಮಳಿಗಿ ಎರಿ ಕಪ್ಪಾಗಿರ್ತದ, ದೀವಳಗಿಗಿ ತೊಗರಿ ಹೂ, ಸಂಕ್ರಮಣ ದಾಟಿದ ಮ್ಯಾಲ ಬಿಳಿಜೋಳದ ತೆನಿ, ಕುಸುಬಿಯ ಕೇಸರಿ ಹೂ, ಶಿವರಾತ್ರಿ ಹೊತ್ತಿಗಿ ಚಿಂಚೋಳಿ ಕಾಡಿನ ಕಡಿ ಮುತ್ತಲ ಗಿಡ ಎಲಿ ಉದುರಿಸಿ ಕೆಂಡ ಹೊತ್ತಂಗ ನಿಂತಿರ್ತದ.

ಇದರಾಗ ಒಂದು ದಿನ ಅಷ್ಟ ಆರಿಸ್ರಿ ಅಂದ್ರ ನಾನು ಎಳ್ಳ ಅಮಾವಾಸಿ ಅಂತೀನಿ. ಊರಿಗಿ ಊರೇ ಹೊಲಕ್ಕ ಹೋಗಿರ್ತದ, ಬುಟ್ಟಿ ಮ್ಯಾಲ ಬಿಳಿ ಅರಬಿ, ಹೊಸ ಸೀರಿ ಬಣ್ಣ, ಹಿಂದ ಹಸರು ಜೋಳ, ಮಣ್ಣಿನ ಕುಳ್ಳಿಯೊಳಗ ಅಂಬಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ. ಹೊಲ ಇಲ್ಲದವರು ಗೆಳೆಯರ ಹೊಲಕ್ಕ ಹೋಗ್ರಿ, ಆ ದಿನ ಬಂದವರನ್ನ ಯಾರೂ ಹಸಿದು ಕಳಸಂಗಿಲ್ಲ. ಚರಗ ಚೆಲ್ಲೋ, ಅಂದ್ರ ಭೂಮಿತಾಯಿಗಿ ಅಡಿಗಿ ಎಡಿ ಹೊಲದ ತುಂಬ ಚೆಲ್ಲೋ ಹೊತ್ತಿಗಿ ಬುಕ್ ಚೀಲದಾಗ ಇಟ್ಟು ಅವರ ಜೊತಿ ಹೊಲದಾಗ ನಡೀರಿ, ನೋಡಿದ್ದು ನೆನಪಿನ್ಯಾಗ ಉಳೀತದ. ಊಟ ಆದ ಮ್ಯಾಲ ಬೇವಿನ ಗಿಡದ ಕೆಳಗ ಎಲ್ಲಾರೂ ಜಮಖಾನಿ ಹಾಸಿ ಅಡ್ಡಾಗ್ತಾರ, ಒಂದು ತಾಸು ಯಾರೂ ಅಲುಗಾಡಂಗಿಲ್ಲ, ಅವಾಗ ಬುಕ್ ತಗೀರಿ. ಎಲಿ ನಡುವಿಂದ ಬಿದ್ದ ಬಿಸಲಿನ ಚುಕ್ಕಿಗಿ ಹಾಳಿ ಬಿಳಿ ಹಂಗ ಬಿಡೋದು ಮರೀಬ್ಯಾಡ್ರಿ.